ಹನಿಯನ್ನು ಕಪ್ಪೆ ಎಂದು ಬರೆದೆ

ಟಕ್... ಟಕ್ ಟಕ್... ಟಕ್.

ಹೆಡ್‌ಫೋನಿನಲ್ಲಿ ಈ ಸದ್ದು ಕೇಳಿಸಿತು. ಕಂಪ್ಯೂಟರ್ ಪರದೆಯ ಬಲಬದಿಯಲ್ಲಿ ಹಕ್ಕಿಗಳ, ಕಪ್ಪೆಗಳ ಹೆಸರಿದ್ದ ಬಟನ್‌ಗಳ ಸಾಲು. ಒಂದರ ಮೇಲೆ ‘ಪೊದೆಗಪ್ಪೆ’ ಎಂದಿತ್ತು. ಎಲ್ಲಕ್ಕಿಂತ ಕೆಳಗೆ ‘ಗೊತ್ತಿಲ್ಲ’ ಎಂಬ ಇನ್ನೊಂದು ಬಟನ್. ನಾನು ಕಪ್ಪೆಯನ್ನು ಒತ್ತಿ ಮುಂದಿನ ತುಣುಕಿಗೆ ಹೋದೆ. ಅನುಮಾನ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಆ ದಿನದ ಲೆಕ್ಕ ಮುಗಿಸಬೇಕಿತ್ತು. ಆ ಅವಸರದ ಬೆಲೆ ಏನೆಂದು ತಿಳಿದದ್ದು ಎರಡು ತಿಂಗಳ ನಂತರ.

ನಾನು ತೀರ್ಥಹಳ್ಳಿ ಕಡೆಯವಳು. ಬಿಸಿಎ ಮುಗಿಸಿದ ಮೇಲೆ ಎರಡು ವರ್ಷ ಎಲ್ಲರಂತೆ ನಾನೂ ಅರ್ಜಿ ಹಾಕುತ್ತಾ ಕುಳಿತಿದ್ದೆ. ಎಫ್‌ಡಿಎ, ಪಿಡಿಒ, ಬ್ಯಾಂಕ್, ನಡುವೆ ಬೆಂಗಳೂರಿನ ಒಂದೆರಡು ಕಂಪನಿಗಳ ಸಂದರ್ಶನ. ಮನೆಗೆ ಬಂದ ನೆಂಟರು ‘ಈಗೇನು ಮಾಡ್ಕೊಂಡಿದೀಯ?’ ಎಂದು ಕೇಳಿದರೆ ಅಡುಗೆಮನೆಗೆ ಹೋಗಿ ಕಾಫಿ ಮಾಡುವಷ್ಟು ಜಾಣತನ ಬಂದಿತ್ತು. ಅಂಥ ಸಮಯದಲ್ಲಿ ಕಾಲೇಜಿನ ಗೆಳತಿಯೊಬ್ಬಳು ಒಂದು ಜಾಹೀರಾತು ಕಳಿಸಿದಳು. ವನ್ಯಜೀವಿ ಸಂಶೋಧನಾ ಯೋಜನೆಯೊಂದರಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ. ಕಂಪ್ಯೂಟರ್ ಗೊತ್ತಿರಬೇಕು, ಕಾಡಿನಲ್ಲಿ ಓಡಾಡಲು ಸಿದ್ಧವಿರಬೇಕು, ಗಂಟೆಗಟ್ಟಲೆ ಹೆಡ್‌ಫೋನ್ ಹಾಕಿ ಕೂರುವ ತಾಳ್ಮೆ ಇರಬೇಕು. ಮೊದಲ ಎರಡು ನನಗಿದ್ದವು. ಮೂರನೆಯದು ಇದೆ ಎಂದು ಅರ್ಜಿಯಲ್ಲಿ ಬರೆದೆ.

ಕೆಲಸ ಇಷ್ಟು. ಆಗುಂಬೆ ಸುತ್ತಿನ ಕಾಡಿನಲ್ಲೂ ಅದಕ್ಕೆ ಹೊಂದಿಕೊಂಡ ಅಡಿಕೆ ತೋಟಗಳಲ್ಲೂ ಧ್ವನಿಮುದ್ರಣ ಯಂತ್ರಗಳನ್ನು ಕಟ್ಟಬೇಕು. ಅವು ದಾಖಲಿಸಿದ ಸದ್ದುಗಳಲ್ಲಿ ಯಾವ ಪ್ರಾಣಿ ಎಲ್ಲಿ, ಯಾವ ಹೊತ್ತಿನಲ್ಲಿ ಕೂಗುತ್ತದೆ ಎಂಬುದನ್ನು ಕಂಪ್ಯೂಟರ್ ತಾನಾಗಿ ಗುರುತಿಸುವಂತೆ ಮಾಡಬೇಕು. ಕಾಡಿಗೂ ತೋಟಕ್ಕೂ ಏನು ವ್ಯತ್ಯಾಸ ಎಂಬುದು ಯೋಜನೆಯ ಪ್ರಶ್ನೆ.

ಕಾಡನ್ನು ಕಣ್ಣಿನಿಂದ ಯಾಕೆ ನೋಡಬಾರದು ಎಂದು ನಾನೂ ಕೇಳಿದ್ದೆ. ನೋಡಬಹುದು, ಆದರೆ ಕಾಣುವುದು ಕಡಿಮೆ. ದಟ್ಟ ಕಾಡಿನಲ್ಲಿ ಹತ್ತು ಮಾರು ದೂರದ ಹಕ್ಕಿಯೂ ಕಣ್ಣಿಗೆ ಬೀಳುವುದಿಲ್ಲ, ಅದರ ಕೂಗು ಮಾತ್ರ ಬರುತ್ತದೆ. ರಾತ್ರಿ ಮಳೆಯಲ್ಲಿ ಉಗುರಿನಷ್ಟು ದೊಡ್ಡ ಕಪ್ಪೆಯನ್ನು ಹುಡುಕಿ ಎಣಿಸುವವರು ಯಾರು? ಮನುಷ್ಯ ಹೋದಲ್ಲಿ ಪ್ರಾಣಿ ಸುಮ್ಮನಾಗುತ್ತದೆ ಎಂಬುದೂ ಒಂದು ತೊಡಕು. ಕಿವಿಯೊಂದನ್ನು ಅಲ್ಲಿ ಬಿಟ್ಟು ಬಂದರೆ ಅದು ಹಗಲೂ ರಾತ್ರಿಯೂ ಕೇಳುತ್ತಿರುತ್ತದೆ. ನಮ್ಮ ಕಿವಿಗೆ ಸಿಗುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸದ್ದು ಮಾತ್ರ. ಬಾವಲಿಗಳ ಕೂಗು ಹೆಚ್ಚಾಗಿ ಅದಕ್ಕೂ ಮೇಲಿನದು. ಆನೆಗಳು ನಮಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲೂ ಮಾತಾಡಿಕೊಳ್ಳುತ್ತವೆ ಎಂಬುದು 1980ರ ದಶಕದಲ್ಲಿ ಗೊತ್ತಾಯಿತು. ಇವೆಲ್ಲ ಮೈಕಿಗೆ ಸಿಗುತ್ತವೆ.

ನಾವು ಬಳಸಿದ ಯಂತ್ರದ ಹೆಸರು ಆಡಿಯೊಮಾತ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮೂರು ಪೆನ್ ಸೆಲ್ ಮತ್ತು ಒಂದು ಮೆಮೊರಿ ಕಾರ್ಡ್ ಹಾಕಿ ಮರಕ್ಕೆ ಕಟ್ಟಿದರೆ ಮುಗಿಯಿತು. ‘ಮಾತ್’ ಎಂದರೆ ಇಂಗ್ಲಿಷಿನಲ್ಲಿ ಪತಂಗ. ನಮ್ಮ ಜೊತೆಗಿದ್ದ ವಾಚರ್ ಅಣ್ಣ ಮಾತ್ರ, ‘ಹೆಸರಲ್ಲಿ ಮಾತಿದೆ, ಮಾತಾಡೋದಿಲ್ಲ. ಬರೀ ಕದ್ದು ಕೇಳ್ತದೆ’ ಎಂದು ನಗುತ್ತಿದ್ದರು.

ಅವರ ತಮಾಷೆಯಲ್ಲಿ ಸತ್ಯವೂ ಇತ್ತು. ಹಕ್ಕಿಯ ಕೂಗಿನ ಜೊತೆ ಸೊಪ್ಪಿಗೆ ಬಂದ ಹೆಂಗಸರ ಮನೆ ಸಂಗತಿಗಳು, ತೋಟದ ಕೆಲಸದವರ ಮಾತುಕತೆ ಕೂಡ ಯಂತ್ರಕ್ಕೆ ಬೀಳುತ್ತಿದ್ದವು. ಮನುಷ್ಯರ ಮಾತು ಕೇಳಿಸಿದ ತುಣುಕನ್ನು ಪೂರ್ತಿ ಕೇಳದೆ ಅಳಿಸಿಹಾಕುವುದು ನನಗೆ ಹೇಳಿಕೊಟ್ಟ ಮೊದಲ ನಿಯಮ. ಯಂತ್ರ ಕಟ್ಟುವ ಮೊದಲು ತೋಟದವರಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ಎರಡನೆಯದು.

ಸದ್ದಿಗೂ ಒಂದು ಚಿತ್ರ

ಮೇ ತಿಂಗಳಲ್ಲಿ ಹತ್ತು ಯಂತ್ರ ಕಟ್ಟಿದೆವು. ಪ್ರತಿ ಹತ್ತು ನಿಮಿಷಕ್ಕೆ ಒಂದು ನಿಮಿಷ ಮುದ್ರಣ. ಒಂದು ಯಂತ್ರಕ್ಕೆ ದಿನಕ್ಕೆ 144 ನಿಮಿಷ. ಹತ್ತು ಯಂತ್ರಕ್ಕೆ ಒಂದು ತಿಂಗಳಿಗೆ 43,200 ನಿಮಿಷ, ಅಂದರೆ 720 ಗಂಟೆ. ದಿನಕ್ಕೆ ಎಂಟು ಗಂಟೆ ಬಿಡುವಿಲ್ಲದೆ ಕೇಳಿದರೂ ಒಂದು ತಿಂಗಳ ಸದ್ದು ಮುಗಿಯಲು ಮೂರು ತಿಂಗಳು ಬೇಕು. ಅಷ್ಟರಲ್ಲಿ ಇನ್ನೂ ಮೂರು ತಿಂಗಳ ಸದ್ದು ರಾಶಿ ಬಿದ್ದಿರುತ್ತದೆ. ಕಂಪ್ಯೂಟರಿನ ಸಹಾಯ ಬೇಕಾಗುವುದು ಇಲ್ಲಿಯೇ.

ಆದರೆ ಕಂಪ್ಯೂಟರಿಗೆ ಕಿವಿಯಿಲ್ಲ. ಅದಕ್ಕೆ ಸದ್ದು ಎಂದರೆ ಅಂಕಿಗಳ ಸಾಲು. ಸೆಕೆಂಡಿಗೆ 48,000 ಅಂಕಿಯಂತೆ ದಾಖಲಿಸಿದರೆ ಮೂರು ಸೆಕೆಂಡಿನ ಕೂಗಿಗೆ 1,44,000 ಅಂಕಿ. ಅವನ್ನು ಹಾಗೇ ಕೊಟ್ಟರೆ ಅದಕ್ಕೆ ತಲೆಬುಡ ಸಿಗುವುದು ಕಷ್ಟ. ಆದ್ದರಿಂದ ಸದ್ದನ್ನು ಚಿತ್ರವಾಗಿ ಬದಲಾಯಿಸುತ್ತಾರೆ. ಇದಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಏರು, ಸದ್ದು ಜೋರಾದಲ್ಲಿ ಬಣ್ಣ ಗಾಢ. ಹಾರ್ಮೋನಿಯಂ ಮನೆಗಳನ್ನು ನೆಟ್ಟಗೆ ನಿಲ್ಲಿಸಿ, ಯಾವ ಹೊತ್ತಿನಲ್ಲಿ ಯಾವ ಮನೆ ಒತ್ತಿದರು ಎಂದು ಗುರುತು ಹಾಕಿದಂತೆ.

ಮೊದಲ ಬಾರಿ ಅದನ್ನು ನೋಡಿದ ದಿನ ನನಗೆ ಖುಷಿಯೋ ಖುಷಿ. ಕೋಗಿಲೆಯ ‘ಕುಹೂ’ ಮೇಲಕ್ಕೆ ಬಾಗಿದ ಗೆರೆಗಳಾಗಿ ಕಾಣುತ್ತದೆ. ಗೆರೆಗಳು ಒಂದರ ನಂತರ ಒಂದು ಏರುತ್ತಾ ಹೋಗುತ್ತವೆ. ಕುಟ್ರು ಹಕ್ಕಿ ಬಿಡದೆ ಕೂಗುವಾಗ ಒಂದೇ ಅಳತೆಯ ಗುರುತುಗಳು ಸಾಲಾಗಿ ಬೀಳುತ್ತವೆ. ಬೆಳಗಿನ ಜಾವ ಹಳ್ಳದ ಬದಿಯಲ್ಲಿ ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನ ಹಾಗೆ ಸಿಳ್ಳೆ ಹಾಕುವ ಹಕ್ಕಿಯ ಹಾಡು, ಮಗು ಗೋಡೆಯ ಮೇಲೆ ಗೀಚಿದ ಬಳ್ಳಿಯಂತೆ. ಜೀರುಂಡೆಗಳ ಗದ್ದಲ ಚಿತ್ರದ ಮೇಲ್ಭಾಗದಲ್ಲಿ ದಪ್ಪ ಪಟ್ಟಿಯಾಗಿ ಹಾಸಿಕೊಂಡಿರುತ್ತದೆ.

ಸದ್ದು ಚಿತ್ರವಾದ ಮೇಲೆ ಉಳಿದದ್ದು ಚಿತ್ರ ಗುರುತಿಸುವ ಕೆಲಸ. ಮೊಬೈಲಿನ ಫೋಟೊಗಳಲ್ಲಿ ನಮ್ಮ ಮುಖವನ್ನು ಬೇರ್ಪಡಿಸುವ ನ್ಯೂರಲ್ ನೆಟ್‌ವರ್ಕ್ ತಂತ್ರಜ್ಞಾನವೇ ಇಲ್ಲಿಯೂ ಬಳಕೆಯಾಗುತ್ತದೆ. ಹೆಸರು ಬರೆದ ಸಾವಿರಾರು ಚಿತ್ರಗಳನ್ನು ತೋರಿಸಿ ‘ಇದು ಕೋಗಿಲೆ, ಇದು ಕುಟ್ರು’ ಎಂದು ಹೇಳಿಕೊಟ್ಟರೆ, ಅವುಗಳ ನಡುವಿನ ವ್ಯತ್ಯಾಸವನ್ನು ಅದು ತಾನೇ ಕಂಡುಕೊಳ್ಳುತ್ತದೆ.

ಈ ದಾರಿಯಲ್ಲಿ ದೊಡ್ಡ ಕೆಲಸ ಈಗಾಗಲೇ ನಡೆದಿದೆ. 2005ರಲ್ಲಿ ಶುರುವಾದ ಜೆನೊ-ಕ್ಯಾಂಟೊ ಎಂಬ ಸಂಗ್ರಹದಲ್ಲಿ ಜಗತ್ತಿನ ಹಕ್ಕಿಪ್ರಿಯರು ತಾವು ಮುದ್ರಿಸಿದ ಕೂಗುಗಳನ್ನು ತಂದು ಹಾಕುತ್ತಿದ್ದಾರೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವೂ ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿ ರೂಪಿಸಿದ ಬರ್ಡ್‌ನೆಟ್, ಸದ್ದನ್ನು ಮೂರು ಮೂರು ಸೆಕೆಂಡಿನ ತುಣುಕು ಮಾಡಿ ಸಾವಿರಾರು ಜಾತಿಯ ಹಕ್ಕಿಗಳನ್ನು ಗುರುತಿಸುತ್ತದೆ. ಕಾರ್ನೆಲ್‌ನವರದೇ ಮರ್ಲಿನ್ ಆ್ಯಪ್‌ನಲ್ಲಿ 2021ರಿಂದ ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಸೌಲಭ್ಯವಿದೆ. ನಮ್ಮ ಘಟ್ಟಕ್ಕೂ ಇದರಲ್ಲಿ ಪಾಲಿದೆ. ಬರ್ಡ್‌ಕ್ಲೆಫ್ ಎಂಬ ಸ್ಪರ್ಧೆ ಪ್ರತಿವರ್ಷ ಕ್ಯಾಗಲ್ ವೇದಿಕೆಯಲ್ಲಿ ನಡೆಯುತ್ತದೆ. 2024ರಲ್ಲಿ ಅದರ ವಿಷಯವೇ ಪಶ್ಚಿಮಘಟ್ಟದ ಹಕ್ಕಿಗಳಾಗಿದ್ದವು. 182 ಪ್ರಭೇದಗಳನ್ನು ಕೂಗಿನಿಂದ ಗುರುತಿಸುವ ಪ್ರೋಗ್ರಾಮ್ ಬರೆಯಲು ಬೇರೆ ಬೇರೆ ದೇಶದವರು ಕುಳಿತಿದ್ದರು. ನಮ್ಮ ಮನೆ ಹಿಂದಿನ ಕಾಡು ಅಲ್ಲೆಲ್ಲೋ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಕೂಗುತ್ತಿತ್ತು ಎಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ.

ಬಟನ್ ಒತ್ತುವ ಕೈ

ಹಾಗಾದರೆ ನನ್ನ ಕೆಲಸವೇನು? ಬರ್ಡ್‌ನೆಟ್ ಮುಖ್ಯವಾಗಿ ಹಕ್ಕಿಗಳಿಗಾಗಿ ಮಾಡಿದ್ದು. ನಮ್ಮ ಮಲೆನಾಡಿನ ಕಪ್ಪೆಗಳನ್ನು ಅದಕ್ಕೆ ನಾವೇ ಕಲಿಸಬೇಕಿತ್ತು. ಅದು ಈಗಾಗಲೇ ಕಲಿತ ‘ಕೇಳುವ ವಿದ್ಯೆ’ಯನ್ನು ಉಳಿಸಿಕೊಂಡು, ಹೊಸ ಹೆಸರುಗಳನ್ನು ಮಾತ್ರ ಮೇಲೆ ಸೇರಿಸಬಹುದು. ಸೈಕಲ್ ಬಲ್ಲವರಿಗೆ ಸ್ಕೂಟರ್ ಕಲಿಸಿದಂತೆ. ಅದಕ್ಕೆ ಹೆಸರು ಬರೆದ ತುಣುಕುಗಳು ಬೇಕು. ಹೆಸರು ಬರೆಯುವವಳು ನಾನು.

ಕಪ್ಪೆಗಳ ವಿಷಯದಲ್ಲಿ ಕೂಗಿಗೆ ಹೆಚ್ಚಿನ ಬೆಲೆ. ಪೊದೆಗಪ್ಪೆಗಳಲ್ಲಿ ಹಲವು ನೋಡಲು ಒಂದೇ ಥರ. ಕೂಗಿನಿಂದಲೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಗಂಡು ಕಪ್ಪೆ ಹೆಣ್ಣನ್ನು ಕರೆಯಲು ಕೂಗುತ್ತದೆ. ಬೇರೆ ಜಾತಿಯ ಕರೆಗೆ ಹೋದರೆ ಸಂಸಾರ ಸಾಗದು. ಹಾಗಾಗಿ ಪ್ರತಿ ಜಾತಿಗೂ ಅದರದೇ ರಾಗ, ಅದರದೇ ತಾಳ.

ಮೊದಲ ವಾರ ವಾಚರ್ ಅಣ್ಣ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು. ಅವರಿಗೆ ವೈಜ್ಞಾನಿಕ ಹೆಸರು ಗೊತ್ತಿಲ್ಲ, ಆದರೆ ಕೂಗು ಕೇಳಿದರೆ ಆ ಪ್ರಾಣಿ ಎಷ್ಟು ಎತ್ತರದಲ್ಲಿ ಕೂತಿದೆ ಎಂದೂ ಹೇಳುವವರು. ಒಮ್ಮೆ ಕಂಪ್ಯೂಟರ್ ಒಂದು ತುಣುಕಿಗೆ ಹದ್ದಿನ ಹೆಸರು ಕೊಟ್ಟಿತ್ತು. ನಾನೂ ಹೌದೆಂದುಕೊಂಡೆ. ಅಣ್ಣ ಇನ್ನೊಮ್ಮೆ ಹಾಕಲು ಹೇಳಿ ತಲೆಯಾಡಿಸಿದರು. ‘ಹದ್ದಲ್ಲ ಮಾರಾಯ್ತಿ, ಭೀಮರಾಜನ ಕಿತಾಪತಿ. ಸ್ವಲ್ಪ ಮುಂದಕ್ಕೆ ಹೋಗು.’ ಮುಂದೆ ಕೇಳಿದರೆ ಅದೇ ಗಂಟಲಿನಿಂದ ಇನ್ನೆರಡು ಹಕ್ಕಿಗಳ ಕೂಗು ಬಂತು. ಬಾಲದಲ್ಲಿ ಎರಡು ಉದ್ದ ಎಳೆಗಳೂ ತುದಿಯಲ್ಲಿ ಪುಕ್ಕದ ಗೊಂಡೆಯೂ ಇರುವ ಈ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ನಿಸ್ಸೀಮ. ಮೂರು ಸೆಕೆಂಡ್ ಮಾತ್ರ ಕೇಳುವ ಯಂತ್ರಕ್ಕೆ ಅದು ಸುಲಭವಾಗಿ ಟೋಪಿ ಹಾಕುತ್ತದೆ.

ಎರಡನೆಯ ವಾರದಿಂದ ನಾನೊಬ್ಬಳೇ. ದಿನಕ್ಕೆ ಇಷ್ಟು ತುಣುಕು ಎಂಬ ಲೆಕ್ಕವಿತ್ತು. ಜೂನ್ ಹಿಡಿದ ಮಳೆ ಬಿಡಲಿಲ್ಲ. ಎಲ್ಲ ತುಣುಕುಗಳ ಹಿಂದೆಯೂ ಹೋ ಎಂಬ ಮಳೆ. ಅದರ ನಡುವೆ ಟಿಕ್ ಎಂದರೆ ಕಪ್ಪೆಯೋ, ಮಿಡತೆಯೋ? ಹೆಸರಿನದೂ ಗೊಂದಲ. ನಮ್ಮ ಕಡೆ ಹಗಲು ಚೀರುವ ಹುಳಕ್ಕೂ ಜೀರುಂಡೆ, ರಾತ್ರಿ ಜಿರ್‌ಗುಟ್ಟುವುದಕ್ಕೂ ಜೀರುಂಡೆ. ಪಟ್ಟಿಯಲ್ಲಿ ಅವು ಬೇರೆ ಬೇರೆ.

‘ಗೊತ್ತಿಲ್ಲ’ ಬಟನ್ ಇದ್ದದ್ದೇ ಇದಕ್ಕಾಗಿ. ಆದರೆ ನಾನು ಅದನ್ನು ಒತ್ತಲು ಹಿಂಜರಿಯುತ್ತಿದ್ದೆ. ದಿನದ ಕೊನೆಗೆ ಯಾವ ಬಟನ್ ಎಷ್ಟು ಬಾರಿ ಒತ್ತಿದೆ ಎಂಬ ಪಟ್ಟಿ ನಮ್ಮ ಹಿರಿಯ ಸಂಶೋಧಕಿಗೆ ಹೋಗುತ್ತಿತ್ತು. ‘ಗೊತ್ತಿಲ್ಲ’ ಹೆಚ್ಚಿದ್ದರೆ ಈ ಹುಡುಗಿಗೆ ಏನೂ ಬರುವುದಿಲ್ಲ ಎಂದುಕೊಂಡರೆ? ಆರು ತಿಂಗಳ ನಂತರ ಕೆಲಸ ಮುಂದುವರಿಸದಿದ್ದರೆ? ಹಾಗೆಂದು ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡೆ. ಬಹುಶಃ ಎರಡು ವರ್ಷದ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯಾಸವೂ ಇರಬಹುದು. ನಾಲ್ಕರಲ್ಲಿ ಎರಡು ಆಯ್ಕೆ ಹೊಡೆದು ಹಾಕಿ, ಉಳಿದ ಎರಡರಲ್ಲಿ ಒಂದಕ್ಕೆ ಧೈರ್ಯದಿಂದ ಗುರುತು ಹಾಕು ಎಂದು ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ಅಲ್ಲಿ ನೆಗೆಟಿವ್ ಮಾರ್ಕಿಂಗ್ ಆದರೂ ಇರುತ್ತದೆ. ಇಲ್ಲಿ ಅದೂ ಕಾಣಿಸುತ್ತಿರಲಿಲ್ಲ.

ಟಕ್ ಎಂದದ್ದೆಲ್ಲ ಪೊದೆಗಪ್ಪೆಯಾಯಿತು.

ಏಳನೇ ನಂಬರಿನ ಯಂತ್ರ

ಆಗಸ್ಟ್‌ನಲ್ಲಿ ಕಂಪ್ಯೂಟರ್ ಕಲಿತು ಮುಗಿಸಿತು. ಕಲಿಸಲು ಬಳಸದೆ ಬದಿಗಿಟ್ಟಿದ್ದ ತುಣುಕುಗಳನ್ನು ಕೊಟ್ಟು ಪರೀಕ್ಷೆ ಮಾಡಿದಾಗ ಪೊದೆಗಪ್ಪೆಗೆ ತುಂಬಾ ಒಳ್ಳೆಯ ಅಂಕ. ಎಲ್ಲರಿಗೂ ಸಂತೋಷ. ಆಮೇಲೆ ಎಲ್ಲ ಮುದ್ರಣಗಳನ್ನೂ ಅದಕ್ಕೆ ಕೊಟ್ಟೆವು. ನಾನು ತಿಂಗಳುಗಟ್ಟಲೆ ಕೇಳಬೇಕಾದ್ದನ್ನು ಅದು ಕೆಲವೇ ಗಂಟೆಗಳಲ್ಲಿ ಕೇಳಿ ಮುಗಿಸಿ ಪಟ್ಟಿ ಕೊಟ್ಟಿತು.

ಪಟ್ಟಿಯಲ್ಲಿ ಒಂದು ಅಚ್ಚರಿ ಇತ್ತು. ಕಾಡಿನ ಯಂತ್ರಗಳಿಗಿಂತ ಅಡಿಕೆ ತೋಟದಲ್ಲಿದ್ದ ಏಳನೇ ನಂಬರಿನ ಯಂತ್ರದಲ್ಲಿ ಪೊದೆಗಪ್ಪೆ ಹೆಚ್ಚು! ‘ತೋಟದಲ್ಲಿ ಕಾಡಿಗಿಂತ ಹೆಚ್ಚು ಕಪ್ಪೆ’ ಎಂಬುದು ಸಣ್ಣ ಸಂಗತಿಯಲ್ಲ. ಮುಂದಿನ ವಾರ ಯೋಜನೆಗೆ ಹಣ ಕೊಟ್ಟವರ ಮುಂದೆ ಇದನ್ನು ಹೇಳುವುದಿತ್ತು. ಕಾಡು ಹೋಗಿ ತೋಟವಾದರೂ ಕಪ್ಪೆಗೆ ತೊಂದರೆಯಿಲ್ಲ ಎಂದು ಯಾರಾದರೂ ಅದನ್ನು ಓದಿಕೊಳ್ಳಬಹುದಿತ್ತು.

ಆ ಸಂಜೆ ಗಂಟೆವಾರು ಗ್ರಾಫ್ ಮಾಡುವ ಕೆಲಸ ನನಗೆ ಬಂತು. ಪೊದೆಗಪ್ಪೆ ಕತ್ತಲಾದ ಮೇಲೆ ಜೋರು, ಹಗಲಿಗೆ ಕಡಿಮೆ. ಕಾಡಿನ ಯಂತ್ರಗಳ ಗ್ರಾಫ್ ಹಾಗೇ ಸಂಜೆಗೆ ಏರಿ ಬೆಳಗಿಗೆ ಇಳಿದಿತ್ತು. ಏಳನೇ ನಂಬರಿನದು ಮಾತ್ರ ಗದ್ದೆ ಬಯಲಿನಂತೆ ಸಪಾಟು. ಮಧ್ಯಾಹ್ನ ಹನ್ನೆರಡಕ್ಕೂ ಕಪ್ಪೆ, ಬೆಳಿಗ್ಗೆ ಒಂಬತ್ತಕ್ಕೂ ಕಪ್ಪೆ. ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಟರಿ ಬದಲಿಸುವ ನೆಪದಲ್ಲಿ ವಾಚರ್ ಅಣ್ಣನ ಜೊತೆ ತೋಟಕ್ಕೆ ಹೋದೆ. ಮಳೆ ನಿಂತು ಒಂದು ಗಂಟೆಯಾಗಿತ್ತು. ಯಂತ್ರ ಅದರ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಡಿಕೆ ಮರಕ್ಕೆ ಕಟ್ಟಿದಂತೆಯೇ ಇತ್ತು. ನಾನು ಹತ್ತಿರ ಹೋಗಿ ನಿಂತೆ.

ಟಕ್... ಟಕ್ ಟಕ್... ಟಕ್.

‘ಎಂತ ಹುಡುಕ್ತಿದೀಯ ಮಾರಾಯ್ತಿ?’

‘ಕಪ್ಪೆ ಅಣ್ಣ. ಕೇಳಿಸ್ತಿದೆಯಲ್ಲ.’

ಅವರು ನನ್ನ ಮುಖ ನೋಡಿದರು. ಆಮೇಲೆ ಮೇಲೆ ನೋಡಿದರು. ಅಡಿಕೆ ಸೋಗೆಯ ತುದಿಯಿಂದ ನೀರು ಜಾರಿ ನೇರ ಡಬ್ಬಿಯ ಮೇಲೆ ಬೀಳುತ್ತಿತ್ತು. ಅವರು ಡಬ್ಬಿಯ ಮೇಲೆ ಅಂಗೈ ಹಿಡಿದರು. ಸದ್ದು ನಿಂತಿತು. ಕೈ ತೆಗೆದರು. ಟಕ್.

‘ಹನಿ ಕಣೆ ಇದು’ ಎಂದರು.

ರೂಮಿಗೆ ಬಂದು ಹಳೆಯ ತುಣುಕುಗಳನ್ನು ತೆರೆದೆ. ಹೆಡ್‌ಫೋನ್ ಹಾಕಲಿಲ್ಲ, ಚಿತ್ರ ಮಾತ್ರ ನೋಡಿದೆ. ಕಪ್ಪೆಯ ಟಕ್ ಚಿತ್ರದ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಗಾಢವಾಗಿ ಕಾಣುತ್ತದೆ, ಒಂದು ಗತಿಯಲ್ಲಿ ಬರುತ್ತದೆ. ಹನಿಯ ಟಕ್ ಕೆಳಗಿನಿಂದ ಮೇಲಿನವರೆಗೆ ಎಳೆದ ತೆಳ್ಳನೆಯ ಗೆರೆ, ಅದಕ್ಕೆ ತಾಳವಿಲ್ಲ. ಪಕ್ಕಪಕ್ಕದಲ್ಲಿ ಇಟ್ಟರೆ ಎಂಟನೇ ತರಗತಿಯ ಹುಡುಗನೂ ಬೇರೆ ಮಾಡಬಲ್ಲ. ನನ್ನ ಕಣ್ಣೆದುರಿಗೇ ಇತ್ತು. ನಾನು ನೋಡಿರಲಿಲ್ಲ.

ಪರೀಕ್ಷೆಯಲ್ಲಿ ಅಷ್ಟು ಒಳ್ಳೆಯ ಅಂಕ ಹೇಗೆ ಬಂತು ಎಂಬುದೂ ಆಗ ಹೊಳೆಯಿತು. ಕಲಿಸಲು ಕೊಟ್ಟ ತುಣುಕುಗಳಿಗೆ ಹೆಸರು ಬರೆದವಳು ನಾನು. ಪರೀಕ್ಷೆಗೆಂದು ಬದಿಗಿಟ್ಟ ತುಣುಕುಗಳಿಗೆ ಹೆಸರು ಬರೆದವಳೂ ನಾನೇ. ಕಂಪ್ಯೂಟರ್ ಹನಿಯನ್ನು ಕಪ್ಪೆ ಎಂದಿತ್ತು, ನನ್ನ ಕೀ ಉತ್ತರವೂ ಕಪ್ಪೆ ಎಂದಿತ್ತು. ಅಂಕ ಬಾರದೆ ಏನು? ಕೀ ಉತ್ತರ ತಪ್ಪಿದ್ದರೆ ಏನಾಗುತ್ತದೆ ಎಂದು ಸ್ಪರ್ಧಾತ್ಮಕ ಪರೀಕ್ಷೆ ಬರೆದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸರಿ ಬರೆದವನಿಗೆ ಅಂಕ ಹೋಗುತ್ತದೆ, ತಪ್ಪು ಬರೆದವನು ಪಾಸಾಗುತ್ತಾನೆ.

ಇದನ್ನು ಯಂತ್ರದ ತಪ್ಪು ಎಂದು ದಾಟಿಸಬಹುದಿತ್ತು. ಹೊಸ ತಂತ್ರಜ್ಞಾನ, ಎಡವುತ್ತದೆ ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಇಲ್ಲವೆ ಏನೂ ಹೇಳದೆ ಇರಬಹುದಿತ್ತು. ಕೆಲಸದ ಅವಧಿ ಮುಗಿಯಲು ಇನ್ನೆರಡು ತಿಂಗಳಷ್ಟೇ ಉಳಿದಿತ್ತು, ಮುಂದುವರಿಸುವ ಮಾತೂ ಆಗಷ್ಟೇ ಶುರುವಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಹೊರಗೆ ಹಂಚಿನಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ಯಾವ ರಾತ್ರಿಯೂ ಅದು ನನಗೆ ಅಷ್ಟು ಜೋರಾಗಿ ಕೇಳಿಸಿರಲಿಲ್ಲ.

ಬೆಳಿಗ್ಗೆ ಮೇಡಂ ಬಳಿ ಹೋಗಿ ಹೇಳಿದೆ. ಅವರು ಚಿತ್ರಗಳನ್ನು ನೋಡಿದರು. ‘ಎಷ್ಟು ತುಣುಕಿಗೆ ಹೀಗೆ ಬರೆದಿದೀಯ?’

‘ಗೊತ್ತಿಲ್ಲ ಮೇಡಂ.’

‘ಅನುಮಾನ ಬಂದಾಗ ಆ ಬಟನ್ ಯಾಕೆ ಒತ್ತಲಿಲ್ಲ?’

ಅದಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ. ಅತ್ತೆ ಎಂಬುದು ಮಾತ್ರ ನೆನಪಿದೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮುಂದಿನ ವಾರದ ಸಭೆಯಲ್ಲಿ ಕಪ್ಪೆಯ ವಿಷಯ ಹೇಳುವುದಿಲ್ಲ ಎಂದು ಯಾರಿಗೋ ಫೋನ್ ಮಾಡಿದರು. ಆ ಮಾತು ಆಡುವಾಗ ಅವರ ದನಿ ಕುಗ್ಗಿತ್ತು. ನನಗೆ ಬೈದಿದ್ದರೆ ಒಳ್ಳೆಯದಿತ್ತು.

ಮತ್ತೆ ಕೇಳಿದ್ದು

ಮೂರು ವಾರ ಎಲ್ಲ ಕಪ್ಪೆ ತುಣುಕುಗಳನ್ನೂ ಮೊದಲಿನಿಂದ ಕೇಳಿದೆ. ಈ ಬಾರಿ ನಿಯಮ ಬದಲಾಗಿತ್ತು. ಒಂದು ತುಣುಕನ್ನು ಇಬ್ಬರು ಬೇರೆ ಬೇರೆ ಕೇಳಬೇಕು, ಇಬ್ಬರ ಉತ್ತರ ಒಂದೇ ಆದರೆ ಮಾತ್ರ ಅದು ಕಂಪ್ಯೂಟರಿಗೆ ಹೋಗಬೇಕು. ಪರೀಕ್ಷೆಯ ತುಣುಕುಗಳನ್ನು ನಾನು ಮುಟ್ಟುವಂತಿಲ್ಲ. ಪಟ್ಟಿಗೆ ಹೊಸ ಹೆಸರುಗಳು ಸೇರಿದವು: ಹನಿ, ಮಳೆ, ಗಾಳಿ, ವಾಹನ, ಮರ ಕೊಯ್ಯುವ ಯಂತ್ರ. ಯಾವುದು ಕಪ್ಪೆಯಲ್ಲ ಎಂದು ಕಲಿಸದೆ ಯಾವುದು ಕಪ್ಪೆ ಎಂದು ಕಲಿಸಲು ಆಗುವುದಿಲ್ಲ. ಯಂತ್ರಗಳನ್ನೂ ಸೋಗೆಯ ಹನಿ ಬೀಳದ ಕಡೆಗೆ ಸರಿಸಿ ಕಟ್ಟಿದೆವು.

ಕಂಪ್ಯೂಟರ್ ಪ್ರತಿ ಉತ್ತರದ ಜೊತೆ ಸೊನ್ನೆಯಿಂದ ಒಂದರೊಳಗೆ ಒಂದು ಅಂಕಿಯನ್ನೂ ಕೊಡುತ್ತದೆ. 0.9 ಎಂದರೆ ನೂರಕ್ಕೆ ತೊಂಬತ್ತು ಸರಿ ಎಂದು ನಾನು ತಿಳಿದಿದ್ದೆ. ಹಾಗಲ್ಲ. ತಾನು ಕಲಿತದ್ದಕ್ಕೆ ಈ ಸದ್ದು ಎಷ್ಟು ಹೋಲುತ್ತದೆ ಎಂಬುದಷ್ಟೇ ಅದರ ಅರ್ಥ. ಹನಿಗಳಿಗೂ ಅದು ಧಾರಾಳವಾಗಿ ಅಂಕ ಕೊಟ್ಟಿತ್ತು, ಯಾಕೆಂದರೆ ಕಲಿಸಿದವಳು ನಾನು. ಅಂಕಿ ಇಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ನಂಬುತ್ತೇವೆ ಎಂದು ಗೆರೆ ಎಳೆಯಬಹುದು. ಗೆರೆ ಮೇಲಿಟ್ಟರೆ ತಪ್ಪು ಕಡಿಮೆ, ಆದರೆ ದೂರದಿಂದ ಮೆಲ್ಲಗೆ ಕೂಗಿದ ನಿಜವಾದ ಕಪ್ಪೆ ಕೈತಪ್ಪುತ್ತದೆ. ಕೆಳಗಿಟ್ಟರೆ ಎಲ್ಲ ಕಪ್ಪೆಗಳೂ ಸಿಗುತ್ತವೆ, ಜೊತೆಗೆ ಹನಿಗಳೂ. ಆ ಗೆರೆಯನ್ನು ಪ್ರತಿ ಪ್ರಾಣಿಗೂ ಬೇರೆ ಬೇರೆಯಾಗಿ, ಮನುಷ್ಯರು ಕೇಳಿ ನೋಡಿಯೇ ನಿರ್ಧರಿಸಬೇಕು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಕಂಪ್ಯೂಟರಿಗೆ ನಾವು ಕೊಟ್ಟ ಪಟ್ಟಿಯೇ ಪ್ರಪಂಚ. ಪಟ್ಟಿಯಲ್ಲಿಲ್ಲದ ಪ್ರಾಣಿ ಕೂಗಿದರೂ ಇರುವ ಹೆಸರುಗಳಲ್ಲಿ ಯಾವುದಕ್ಕೋ ಅದನ್ನು ಹೊಂದಿಸಲು ನೋಡುತ್ತದೆ. ಆದರೆ ನಮ್ಮ ಘಟ್ಟದಲ್ಲಿ ಇನ್ನೂ ಹೆಸರಿಡದ ಜೀವಿಗಳಿವೆ. ಮೊಟ್ಟೆಗಳಿಗೆ ಕೆಸರು ಮೆತ್ತುವ, ಅದಕ್ಕಾಗಿಯೇ ‘ಕುಂಬಾರ’ ಎಂಬ ಹೆಸರು ಪಡೆದ ಉತ್ತರ ಕನ್ನಡದ ಇರುಳು ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ. ಅದಕ್ಕೂ ಮೊದಲು ಅದು ಕೂಗುತ್ತಲೇ ಇತ್ತು. ಅದರ ಕೂಗನ್ನು ಕೇಳಿದ ಯಾರೋ ‘ಇದು ಇಂಥದ್ದೇ’ ಎಂದು ಹಳೆಯ ಹೆಸರು ಬರೆದು ಮುಂದೆ ಹೋಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ‘ಗೊತ್ತಿಲ್ಲ’ ಎಂದು ನಿಂತವರಿಗೆ ಮಾತ್ರ ಹೊಸದು ಸಿಗುತ್ತದೆ. ಅಂದರೆ ನಾನು ಅಷ್ಟು ಹೆದರಿದ್ದ ಆ ಬಟನ್ ಪಟ್ಟಿಯಲ್ಲೇ ಅತಿ ಬೆಲೆಬಾಳುವ ಬಟನ್ ಆಗಿತ್ತು.

ಮತ್ತೆ ಕಲಿಸಿದ ಮೇಲೆ ಏಳನೇ ನಂಬರಿನ ಗ್ರಾಫ್ ಕುಸಿಯಿತು. ಪೂರ್ತಿ ಸೊನ್ನೆಯಾಗಲಿಲ್ಲ. ಸಂಜೆ ಏಳರ ಹೊತ್ತಿಗೆ ಒಂದು ಸಣ್ಣ ದಿಬ್ಬ ಉಳಿಯಿತು. ಆ ತುಣುಕುಗಳನ್ನು ಕೇಳಿದೆ. ಅಲ್ಲಿ ಒಂದು ಗತಿಯಲ್ಲಿ, ಒಂದೇ ಪಟ್ಟಿಯಲ್ಲಿ, ನಿಜವಾದ ಪೊದೆಗಪ್ಪೆ ಕೂಗುತ್ತಿತ್ತು. ಹನಿಗಳ ನಡುವೆ ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಅಕ್ಟೋಬರಿನಲ್ಲಿ ನನ್ನ ಅವಧಿ ಮುಗಿಯಿತು. ಮುಂದುವರಿಸಲಿಲ್ಲ. ಯೋಜನೆಯ ಆ ಹಂತ ಮುಗಿದಿದೆ ಎಂದು ಪತ್ರದಲ್ಲಿ ಬರೆದಿತ್ತು. ಬೇರೆ ಕಾರಣವೂ ಇತ್ತೋ ಏನೋ, ನಾನು ಕೇಳಲಿಲ್ಲ. ಮೇಡಂ ಕೊಟ್ಟ ಪ್ರಮಾಣಪತ್ರದಲ್ಲಿ ಒಂದು ಸಾಲು ಇದೆ: ತನ್ನ ಕೆಲಸದ ತಪ್ಪನ್ನು ತಾನೇ ಕಂಡುಹಿಡಿದು ತಿಳಿಸಿದ್ದಾರೆ ಎಂದು. ಅದನ್ನು ಸಂದರ್ಶನಕ್ಕೆ ಒಯ್ಯುವುದೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಈಗ ಒಯ್ಯುತ್ತೇನೆ.

ಇದನ್ನು ಓದುವ ನನ್ನಂಥವರಿಗೆ ಎರಡು ಮಾತು. ಈ ಕ್ಷೇತ್ರಕ್ಕೆ ಬರಲು ಜೀವಶಾಸ್ತ್ರವೇ ಓದಿರಬೇಕೆಂದಿಲ್ಲ, ಕಂಪ್ಯೂಟರ್ ಸೈನ್ಸೇ ಆಗಬೇಕೆಂದೂ ಇಲ್ಲ. ಪೈಥಾನ್ ಭಾಷೆ ಕಲಿತವರಿಗೆ, ಕಾಡು ಸುತ್ತುವ ಕಾಲಿರುವವರಿಗೆ, ತಾಳ್ಮೆಯಿಂದ ಕೇಳುವ ಕಿವಿಯಿರುವವರಿಗೆ, ಮೂವರಿಗೂ ಇಲ್ಲಿ ಕೆಲಸವಿದೆ. ಹೆಚ್ಚಿನವು ತಾತ್ಕಾಲಿಕ, ಸಂಬಳ ದೊಡ್ಡದಲ್ಲ, ಅದನ್ನು ತಿಳಿದೇ ಬನ್ನಿ. ಶುರು ಮಾಡಲು ದುಡ್ಡು ಬೇಡ. ಮರ್ಲಿನ್ ಆ್ಯಪ್ ಉಚಿತ. ಬರ್ಡ್‌ನೆಟ್ ಕೂಡ ಹಾಗೆಯೇ. ನಾಳೆ ಬೆಳಿಗ್ಗೆ ಆರಕ್ಕೆ ಹಿತ್ತಲಿನಲ್ಲಿ ಐದು ನಿಮಿಷ ಮೊಬೈಲ್ ಹಿಡಿದು ನಿಲ್ಲಿ. ಅದು ಹೇಳಿದ ಹೆಸರನ್ನು ಒಮ್ಮೆಗೇ ನಂಬಬೇಡಿ. ಹಕ್ಕಿಯನ್ನು ಹುಡುಕಿ ನೋಡಿ, ಮನೆಯ ಹಿರಿಯರನ್ನು ಕೇಳಿ, ಹೊಂದುತ್ತದೆಯೇ ನೋಡಿ. ನಿಮ್ಮ ಊರಿನ ಕೂಗನ್ನು ಜೆನೊ-ಕ್ಯಾಂಟೊಗೆ ಸೇರಿಸಿ. ನಾಳೆ ಯಾರೋ ಕಲಿಸುವ ಯಂತ್ರಕ್ಕೆ ನಿಮ್ಮ ಹಿತ್ತಲಿನ ಹಕ್ಕಿ ಪಾಠವಾಗುತ್ತದೆ. ಹೆಸರು ಬರೆಯುವಾಗ ಮಾತ್ರ ಅವಸರ ಬೇಡ.

ಕಳೆದ ತಿಂಗಳು ಒಂದು ಸಂದರ್ಶನಕ್ಕೆ ಹೋಗಿದ್ದೆ. ಮೂವರು ಕುಳಿತಿದ್ದರು. ನಡುವಿನವರು ಡೇಟಾಬೇಸ್ ಬಗ್ಗೆ ಏನೋ ಕೇಳಿದರು. ಎರಡು ವರ್ಷದ ಹಿಂದಿನ ನಾನಾಗಿದ್ದರೆ ಪ್ರಶ್ನೆಯಲ್ಲಿದ್ದ ಪದಗಳನ್ನೇ ತಿರುವಿ ಒಂದು ಉತ್ತರ ಹೊಸೆದು ಕೊಡುತ್ತಿದ್ದೆ. ಒಂದು ಕ್ಷಣ ಸುಮ್ಮನಿದ್ದು ಹೇಳಿದೆ: ‘ಗೊತ್ತಿಲ್ಲ ಸರ್. ಆದರೆ ಹೇಗೆ ತಿಳಿದುಕೊಳ್ಳುತ್ತೇನೆ ಎಂದು ಹೇಳಬಲ್ಲೆ.’ ಅವರು ತಲೆಯೆತ್ತಿ ನೋಡಿದರು, ಏನೋ ಬರೆದುಕೊಂಡರು.

ಏನು ಬರೆದುಕೊಂಡರೋ ಗೊತ್ತಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.